ಕಾದಂಬರಿ ಮುಗಿದ ಮೇಲೆ ಮನಸ್ಸು ಬರಿದಾಗಿದೆ: ಬರೆಯುವವರು ಈ ದಿನಗಳನ್ನು ಹೇಗೆ ದಾಟುತ್ತೀರಿ?

ಹಿನ್ನೀರು (ಆಲೂರು)

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದಿ ಸುಮ್ಮನಾಗುವವರಲ್ಲಿ ನಾನೂ ಒಬ್ಬಳು. ಇವತ್ತು ಕೇಳಲೇಬೇಕು ಅನಿಸಿತು.

ಹಲವು ವರ್ಷಗಳಿಂದ ಒಂದು ಕಾದಂಬರಿ ಬರೀತಿದ್ದೆ. ಹೇಮಾವತಿ ಹಿನ್ನೀರಿನಲ್ಲಿ ಮುಳುಗಿದ ಒಂದು ಊರಿನ ಕತೆ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದಾಗ ನಾನಿನ್ನೂ ಹುಟ್ಟಿರಲಿಲ್ಲ. ಆದರೆ ನಮ್ಮ ಮನೆಯೊಳಗೆ ಆ ಊರು ಯಾವತ್ತೂ ಮುಳುಗಿರಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜಿ ನಮ್ಮನ್ನು ಕರ್ಕೊಂಡು ಹೋಗಿ, ಬಿರುಕು ಬಿಟ್ಟ ಕೆಸರಿನ ಮೇಲೆ ಹೆಜ್ಜೆ ಹಾಕ್ತಾ, ಇದು ಜಗಲಿ, ಇದು ಒರಳು, ಇದು ಕೊಟ್ಟಿಗೆ ಬಾಗಿಲು ಅಂತ ತೋರಿಸೋರು. ನಮಗೆ ಕಾಣ್ತಿದ್ದದ್ದು ಬರೀ ಕೆಸರು. ಶೆಟ್ಟಿಹಳ್ಳಿ ಚರ್ಚಿನ ಗೋಡೆಗಳಾದರೂ ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಮತ್ತೆ ಎದ್ದು ನಿಲ್ಲುತ್ತವೆ. ನೋಡೋಕೆ ಜನ ಬರ್ತಾರೆ. ಮಣ್ಣಿನ ಗೋಡೆಯ ಮನೆಗಳಿಗೆ ಆ ಭಾಗ್ಯ ಇಲ್ಲ. ಹಾಗಾಗಿ ಬರೆದೆ.

ಕಳೆದ ತಿಂಗಳು ಕೊನೆಯ ಅಧ್ಯಾಯ ಮುಗೀತು. ಮುಗಿದ ದಿನ ಸಂತೋಷ ಆಗುತ್ತೆ ಅಂತ ಕಾದಿದ್ದೆ, ಆಗಲಿಲ್ಲ. ಮಾರನೇ ದಿನದಿಂದ ಯಾರನ್ನೋ ಮಣ್ಣು ಮಾಡಿ ಬಂದ ಹಾಗೆ ಇದೀನಿ. ಕಾದಂಬರಿಯಲ್ಲಿ ಒಬ್ಬ ಮುದುಕಿ ಇದ್ದಾಳೆ. ಪರಿಹಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಆ ಶಾಯಿ ಒರೆಸದೆ ಊರಿಗೆ ವಾಪಸ್ ನಡೆದು ಬರ್ತಾಳೆ. ಇಷ್ಟು ವರ್ಷ ಬಸ್ಸಲ್ಲಿ, ಸಂತೆಯಲ್ಲಿ, ಎಲ್ಲಿ ಏನು ಕಂಡರೂ ‘ಇದನ್ನ ಅವಳು ನೋಡಿದ್ರೆ ಏನಂತಿದ್ಲು’ ಅಂತ ಯೋಚನೆ ಬರೋದು. ಈಗಲೂ ಬರುತ್ತೆ. ಆದರೆ ಅವಳ ಕತೆ ಮುಗಿದಿದೆ ಅಂತ ನೆನಪಾಗಿ ಎದೆ ಭಾರ ಆಗುತ್ತೆ.

ಮನೆಯವರು ಒಳ್ಳೆಯವರೇ. ‘ಮುಗೀತಲ್ಲ, ಇನ್ನು ಆರಾಮಾಗಿರು’ ಅಂತಾರೆ. ಇದು ದುಃಖ ಅಂತ ಅವರಿಗೆ ಹೇಗೆ ಹೇಳೋದು? ಸತ್ತವರು ಯಾರೂ ಇಲ್ಲವಲ್ಲ.

ಬರೆಯುವವರು ಈ ಹೊತ್ತನ್ನು ಹೇಗೆ ಕಳೀತೀರಿ? ಹೊಸದನ್ನು ಶುರು ಮಾಡ್ತೀರಾ? ಸುಮ್ಮನಿರ್ತೀರಾ?

ತೋಟದ ಮನೆ (ಮೂಡಿಗೆರೆ)

ಅಕ್ಕ, ಕಾದಂಬರಿ ಮುಗಿಸಿದ್ದಕ್ಕೆ ಮೊದಲು ಅಭಿನಂದನೆ. ನಿಮಗೆ ಅದನ್ನ ಯಾರೂ ಸರಿಯಾಗಿ ಹೇಳಿಲ್ಲ ಅನ್ಸುತ್ತೆ.

ನಾನು ಬರೆಯೋದು ಕಡಿಮೆ, ಕತೆ ಮಾತ್ರ. ಆದರೆ ಈ ಬರಿದು ನಂಗೆ ಗೊತ್ತು. ನಮ್ಮ ಕಾಫಿ ಗಿಡಾನೂ ಹಿಂಗೇ ಅಲ್ವಾ. ಕೊಯ್ಲು ಮುಗಿದ ಮೇಲೆ ಗಿಡ ಸೋತು ನಿಂತಿರುತ್ತೆ. ಗಂಟುಗಳಲ್ಲಿ ಮೊಗ್ಗು ಕಟ್ಟಿರುತ್ತೆ, ಅರಳೋದಿಲ್ಲ. ಒಂದಷ್ಟು ಕಾಲ ನೀರಿಲ್ಲದೆ ಒಣಗಬೇಕು. ಆ ಒಣಗು ಸಿಗದೆ ಅಕಾಲದಲ್ಲಿ ಮಳೆ ಬಂದ್ರೆ ಹೂವು ಅಲ್ಲೊಂದು ಇಲ್ಲೊಂದು ಬಿಡುತ್ತೆ, ಹಣ್ಣೂ ಒಟ್ಟಿಗೆ ಬರಲ್ಲ, ಕೊಯ್ಯೋಕೆ ಆಳು ಸಾಲಲ್ಲ. ಸರಿಯಾಗಿ ಒಣಗಿದ ಗಿಡಕ್ಕೆ ಫೆಬ್ರವರಿ ಮಾರ್ಚಲ್ಲಿ ಒಂದು ಹದವಾದ ಹೂಮಳೆ ಬಿದ್ರೆ ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತೆ. ನಿಮ್ಮದು ಈಗ ಒಣಗೋ ಕಾಲ. ಅದನ್ನ ಕಾಯಿಲೆ ಅಂತ ಅಂದ್ಕೋಬೇಡಿ.

ಸುಮ್ಮನೆ ಕೂರಿ ಅಂತಾನೂ ನಾನು ಹೇಳಲ್ಲ. ನಮ್ಮೂರಿನ ಲೇಖಕ ಪೂರ್ಣಚಂದ್ರ ತೇಜಸ್ವಿಯವರು ಸುಮ್ಮನೆ ಕೂತವರೇ ಅಲ್ಲ. ತೋಟ ನೋಡ್ಕೊಂಡ್ರು, ಹೊಳೆ ದಡದಲ್ಲಿ ಗಾಳ ಹಾಕಿ ಗಂಟೆಗಟ್ಟಲೆ ಕೂತ್ರು, ಹಕ್ಕಿ ಫೋಟೋ ತೆಗೆದ್ರು, ಚಿತ್ರ ಬರೆದ್ರು, ಕೊನೆಗೆ ಕಂಪ್ಯೂಟರಿನಲ್ಲಿ ಕನ್ನಡದ ಕೆಲಸಕ್ಕೂ ಕೈ ಹಾಕಿದ್ರು. 2007ರ ಏಪ್ರಿಲ್‌ನಲ್ಲಿ ಹೋಗೋವರೆಗೂ ಹಾಗೇ ಇದ್ರು. ಅದೆಲ್ಲ ಬರವಣಿಗೆಯಿಂದ ರಜೆ ತಗೊಂಡು ಮಾಡಿದ್ದು ಅಂತ ನಂಗೆ ಅನ್ಸಲ್ಲ. 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಬಂದಾಗ ಅದರ ಮುನ್ನುಡಿಯಲ್ಲೇ ನವ್ಯ ಸಾಹಿತ್ಯದ ದಾರಿ ಸಾಕು ಅಂತ ಹೇಳಿ ಬೇರೆ ಕಡೆ ಹೊರಟವರು. ತನ್ನ ಮನಸ್ಸನ್ನೇ ಕೆದಕ್ತಾ ಕೂರೋ ಬರವಣಿಗೆ ಬಿಟ್ಟು ಕಣ್ಣನ್ನ ಹೊರಗೆ ತಿರುಗಿಸಿದ್ರು. 1980ರಲ್ಲಿ ‘ಕರ್ವಾಲೋ’ ಬಂತು. ಅಲ್ಲಿ ಹಾರುವ ಓತಿಯ ಹಿಂದೆ ಓಡುವವರ ಸಂತೋಷ ನೋಡಿ. ಹೊರಗೆ ತಿರುಗಿದ ಕಣ್ಣಿಗೆ ಮಾತ್ರ ಅದು ಕಾಣೋದು.

ನಿಮಗೆ ಏನು ಇಷ್ಟ? ಹೊಲಿಗೆನಾ, ಗಿಡಾನಾ? ಕೈ ಕೊಳೆ ಆಗೋ ಏನಾದ್ರೂ ಕೆಲಸ ಹಿಡೀರಿ. ಓದೋದನ್ನೂ ಸ್ವಲ್ಪ ದಿನ ಬಿಡಿ.

ವೇದಾವತಿ ದಡದವಳು (ಕಡೂರು)

ನಾನು ಪದ್ಯ ಬರೆಯೋಳು, ಕಾದಂಬರಿ ಬರೆಯೋವಷ್ಟು ತಾಳ್ಮೆ ನಂಗಿಲ್ಲ. ಆದ್ರೆ ಈ ಚರ್ಚೆ ಓದಿ ನಂಗೊಂದು ಹೆದರಿಕೆ ಇದೆ, ಅದನ್ನ ಇಲ್ಲೇ ಕೇಳ್ತೀನಿ.

ನನ್ನ ಒಳ್ಳೆ ಪದ್ಯಗಳೆಲ್ಲ ನೋವಲ್ಲೇ ಹುಟ್ಟಿದ್ದು. ಅಪ್ಪ ಹೋದಾಗ, ಒಂದು ಮದುವೆ ಮಾತು ಮುರಿದಾಗ. ಈಗ ನಂಗೆ ಕೆಲಸ ಸಿಕ್ಕಿದೆ, ಮನೇಲಿ ನೆಮ್ಮದಿ ಇದೆ, ಬರೆಯೋಕೆ ಕೂತ್ರೆ ಏನೂ ಇಲ್ಲ. ಒಮ್ಮೊಮ್ಮೆ ಹಳೇ ನೋವನ್ನ ಬೇಕಂತಲೇ ನೆನಪು ಮಾಡ್ಕೋತೀನಿ, ಹಳೇ ಮೆಸೇಜು ತೆಗೆದು ಓದ್ತೀನಿ, ಬರೆಯೋಕಾದ್ರೂ ಬರಲಿ ಅಂತ. ನೋವಿಲ್ಲದೆ ಬರೆಯೋಕಾಗಲ್ವಾ? ಹಂಗಾದ್ರೆ ನೆಮ್ಮದಿಯಾಗಿರೋದು ತಪ್ಪಾ?

ನಿವೃತ್ತ ಕನ್ನಡ ಮೇಷ್ಟ್ರು (ಹಾಸನ)

ಕಡೂರಿನ ಮಗುವಿಗೆ ಮೊದಲು ಉತ್ತರಿಸುತ್ತೇನೆ. ಆ ಹಳೆಯ ಮೆಸೇಜುಗಳನ್ನು ಓದುವುದನ್ನು ದಯವಿಟ್ಟು ನಿಲ್ಲಿಸಮ್ಮ. ಕವಿಗೆ ನೋವು ಬೇಕು ಎಂಬುದು ತುಂಬ ಹಳೆಯ ನಂಬಿಕೆ, ಬಹಳ ಜನರನ್ನು ಹಾಳು ಮಾಡಿದ ನಂಬಿಕೆ. ನಲವತ್ತು ವರ್ಷ ಪಾಠ ಮಾಡಿದ ಅನುಭವದಲ್ಲಿ ಹೇಳುತ್ತೇನೆ, ನೋವು ಹಸಿಯಾಗಿರುವಾಗ ಬರೆದದ್ದು ಬಹುಮಟ್ಟಿಗೆ ಡೈರಿಯೇ ಆಗಿರುತ್ತದೆ. ಡೈರಿ ಬರೆಯಬಾರದೆಂದಲ್ಲ. ಅದನ್ನು ಬರೆದವರಿಗೆ ಅದರಿಂದ ಉಪಕಾರ ಉಂಟು. ಓದುವವರಿಗೆ ಮುಟ್ಟಬೇಕಾದರೆ ಮಾತ್ರ ನೋವು ಆರಬೇಕು.

ನಮ್ಮ ಜಿಲ್ಲೆಯವರನ್ನೇ ತೆಗೆದುಕೊಳ್ಳಿ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಭೈರಪ್ಪನವರು ಎಳೆಯ ವಯಸ್ಸಿನಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು. ಆ ಸೀಮೆಯ ಬಡತನ, ಪ್ಲೇಗು, ಮನೆಯನ್ನು ಒಬ್ಬಳೇ ಹೊತ್ತು ನಿಂತ ಹೆಣ್ಣು, ಇವೆಲ್ಲ ‘ಗೃಹಭಂಗ’ವಾಗಿ ಬಂದದ್ದು 1970ರಲ್ಲಿ. ನಡುವೆ ಎರಡು ದಶಕಕ್ಕೂ ಹೆಚ್ಚು ಕಾಲ ಹೋಗಿದೆ. ಅಷ್ಟರಲ್ಲಿ ಅವರು ತತ್ವಶಾಸ್ತ್ರ ಓದಿದ್ದರು, ಪಾಠ ಮಾಡಿದ್ದರು, ಬೇರೆ ಕಾದಂಬರಿಗಳನ್ನೂ ಬರೆದಿದ್ದರು. ಆ ಕಾದಂಬರಿಯ ನಂಜಮ್ಮನನ್ನು ಓದುವಾಗ ಲೇಖಕ ಅಳುತ್ತಿರುವುದು ಎಲ್ಲಿಯೂ ಕೇಳಿಸುವುದಿಲ್ಲ. ಅಳುವುದು ನಾವು. ತಮ್ಮದೇ ಬದುಕೆಂದು ಆ ದಿನಗಳನ್ನು ನೇರವಾಗಿ ಹೇಳಿದ್ದು ‘ಭಿತ್ತಿ’ಯಲ್ಲಿ, ಅದು ಬಂದದ್ದು 1996ರಲ್ಲಿ. ಒಂದೇ ನೋವು ಎರಡು ರೂಪದಲ್ಲಿ ಬರಲು ಒಂದು ಜೀವಮಾನವೇ ಹಿಡಿಯಿತು. ಅವರ ವಿಚಾರಗಳ ಬಗ್ಗೆ ಇಲ್ಲಿ ಎಷ್ಟೋ ಜಗಳಗಳಾಗಿವೆ. ಅದನ್ನು ಈ ಚರ್ಚೆಗೆ ತರುವುದು ಬೇಡ. ನಾನು ಹೇಳುತ್ತಿರುವುದು ಆ ಕಾಯುವಿಕೆಯನ್ನು ಮಾತ್ರ.

ಕಾಲದ ದೂರದಂತೆ ನೆಲದ ದೂರವೂ ಕೆಲಸ ಮಾಡುತ್ತದೆ. ರಾಜಾ ರಾವ್ ಹುಟ್ಟಿದ್ದು ನಮ್ಮ ಹಾಸನದಲ್ಲಿ, 1908ರಲ್ಲಿ. ‘ಕಾಂತಾಪುರ’ ಬರೆದದ್ದು ಫ್ರಾನ್ಸಿನಲ್ಲಿ ಕುಳಿತು. 1938ರಲ್ಲಿ ಪ್ರಕಟವಾದ ಆ ಇಂಗ್ಲಿಷ್ ಕಾದಂಬರಿಯಲ್ಲಿ ಹರಿಯುವ ಹೊಳೆ ಹಿಮವತಿ, ಊರು ಕಾಯುವ ತಾಯಿ ಕೆಂಚಮ್ಮ. ಆಲೂರಿನ ಕಡೆಯವರಿಗೆ ಕೆಂಚಮ್ಮ ಯಾರೆಂದು ನಾನು ಹೇಳಬೇಕಾಗಿಲ್ಲ! ಅಷ್ಟು ದೂರದಿಂದ ಊರಿನ ಹೆಂಗಸರ ಮಾತಿನ ಓಟವನ್ನು ಇಂಗ್ಲಿಷಿನೊಳಗೆ ಹಿಡಿದರಲ್ಲ, ದೂರವಿದ್ದದ್ದರಿಂದಲೇ ಕಿವಿ ಅಷ್ಟು ಚುರುಕಾಗಿತ್ತು ಎಂದು ನನ್ನ ನಂಬಿಕೆ.

ಹಿನ್ನೀರು ಅವರಿಗೆ: ಹೊಸದನ್ನು ಈಗಲೇ ಶುರು ಮಾಡಬೇಡಿ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ 1936ರದು, ‘ಮಲೆಗಳಲ್ಲಿ ಮದುಮಗಳು’ 1967ರದು. ಎರಡು ಕಾದಂಬರಿಗಳ ನಡುವೆ ಮೂವತ್ತೊಂದು ವರ್ಷ. ಆ ನಡುವೆ ಅವರೇನು ಖಾಲಿ ಕುಳಿತಿದ್ದರೇ? ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವೇ ಆಯಿತು. ಆದರೆ ಕಾದಂಬರಿಯ ಮನಸ್ಸು ಮತ್ತೆ ಕೂಡಿಬರಲು ಅಷ್ಟು ಕಾಲ ಕೊಟ್ಟರು.

ರಾತ್ರಿ ಹನ್ನೊಂದರ ಟೇಬಲ್ (ಹಾಸನ)

ಮೇಷ್ಟ್ರೇ, ನಿಮ್ಮ ಮೇಲೆ ತುಂಬ ಗೌರವ ಇದೆ. ಆದರೆ ಕೊನೆಯ ಪ್ಯಾರಾ ಒಪ್ಪಲ್ಲ. ಮೂವತ್ತು ವರ್ಷ ಕಾಯೋ ಸೌಕರ್ಯ ಯಾರಿಗಿದೆ ಹೇಳಿ? ಬೆಳಿಗ್ಗೆ ಡಬ್ಬಿ ಕಟ್ಟಿ, ಆಫೀಸು ಮುಗಿಸಿ, ಅತ್ತೆಗೆ ಮಾತ್ರೆ ಕೊಟ್ಟು, ಮಕ್ಕಳ ಹೋಮ್‌ವರ್ಕ್ ನೋಡಿ ಟೇಬಲ್ಲಿಗೆ ಬರೋ ಹೊತ್ತಿಗೆ ರಾತ್ರಿ ಹನ್ನೊಂದು. ಆ ಹೊತ್ತಲ್ಲಿ ಮನಸ್ಸು ಕೂಡಿಬಂದಿದೆಯಾ ಅಂತ ನಾನು ಕೇಳಿದರೆ ಅದು ಇಲ್ಲ ಅಂತಲೇ ಹೇಳುತ್ತೆ. ಹಾಗಾಗಿ ಕೇಳೋದೇ ಇಲ್ಲ. ಕೂತು ಬರೀತೀನಿ.

ಹಿನ್ನೀರು, ನಿಮಗಾಗಿರೋದು ನನಗೆ ಚೆನ್ನಾಗಿ ಅರ್ಥ ಆಗುತ್ತೆ. ಆದರೆ ನಿಮ್ಮ ಪೋಸ್ಟಲ್ಲಿ ಇನ್ನೊಂದು ಕಾಣ್ತು ನನಗೆ. ಆ ಮುದುಕಿ ಜೊತೆ ನೀವು ಮಾತಾಡ್ತಿದ್ರಿ. ಬೇರೆ ಯಾರ ಜೊತೆನೂ ಆಡದ ಮಾತು. ಮನೆಯಲ್ಲಿ ಎಲ್ಲರಿಗೂ ಏನಾದ್ರೂ ಆಗಿರ್ತೀವಿ, ಹೆಂಡತಿ, ಅಮ್ಮ, ಸೊಸೆ. ಬರೆಯೋವಾಗ ಮಾತ್ರ ಇದ್ಯಾವುದೂ ಅಲ್ಲದ ಒಬ್ಬಳು ಇರ್ತಾಳೆ. ಕಾದಂಬರಿ ಮುಗಿದಾಗ ಅವಳಿಗೂ ಇರೋಕೆ ಜಾಗ ಇಲ್ಲದಂಗಾಗುತ್ತೆ. ನಿಮ್ಮ ದುಃಖದಲ್ಲಿ ಇದರ ಪಾಲೇ ದೊಡ್ಡದು ಅಂತ ನನ್ನ ಅನಿಸಿಕೆ. ಅದಕ್ಕೆ ಕಾಯೋದು ಔಷಧಿ ಅಲ್ಲ. ಅವಳಿಗೆ ಬೇಗ ಒಂದು ಜಾಗ ಮಾಡಿ.

ನಮ್ಮೂರಿನ ಬಾನು ಮುಷ್ತಾಕ್ ಅವರನ್ನ ನೋಡಿ. 2025ರ ಮೇನಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂದಾಗ ಇಡೀ ಹಾಸನ ಕುಣೀತು, ನಾನು ಖುಷಿಗೆ ಅತ್ತುಬಿಟ್ಟೆ. ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ನಲ್ಲಿರೋದು ಹನ್ನೆರಡು ಕತೆ, 1990ರಿಂದ 2023ರವರೆಗೆ ಬರೆದವು. ಆ ವರ್ಷಗಳಲ್ಲೇ ಅವರು ವಕೀಲಿ ಮಾಡಿದ್ದಾರೆ, ಹೋರಾಟಗಳಲ್ಲಿ ನಿಂತಿದ್ದಾರೆ. ಅದಕ್ಕೂ ಮುಂಚೆ ‘ಲಂಕೇಶ್ ಪತ್ರಿಕೆ’ಗೆ ವರದಿ ಮಾಡಿದ್ದಾರೆ, ನಗರಸಭೆಯಲ್ಲಿ ಕೂತಿದ್ದಾರೆ. ಬರವಣಿಗೆಗೆ ಅಂತ ಬೇರೆ ಬದುಕು ಅವರಿಗೆ ಯಾರೂ ಕೊಡಲಿಲ್ಲ. ತಮ್ಮ ಹತ್ತಿರ ಕೇಸು ಹಿಡ್ಕೊಂಡು ಬರೋ ಹೆಂಗಸರ ಸಂಕಟವೇ ಕತೆಗೆ ದಾರಿ ಆಯ್ತು. ಮೇಷ್ಟ್ರು ಹೇಳಿದ ಆರಿದ ನೋವು ಒಂದು ಬಗೆ. ಆರದೆ ಉರೀತಾನೇ ಇರೋ ಸಿಟ್ಟೂ ಒಂದು ಬಗೆ. ಅನ್ಯಾಯದ ವಿರುದ್ಧ ಬರೆದ ಬಂಡಾಯ ಚಳವಳಿಯ ಲೇಖಕರು ಆ ಸಿಟ್ಟನ್ನ ಹಿಡ್ಕೊಂಡೇ ಬರೆದವರಲ್ವಾ?

ಕಡೂರಿನ ತಂಗಿ, ನೋವು ಬೇಕಂತಿಲ್ಲ. ಸಿಟ್ಟು ಬಂದ್ರೂ ಬರೀಬಹುದು, ಕುತೂಹಲ ಇದ್ರೂ ಬರೀಬಹುದು. ನೆಮ್ಮದಿ ಬಿಟ್ಟುಕೊಡಬೇಡ. ನೆಮ್ಮದಿ ಇರೋ ಹೆಣ್ಣು ಏನು ಬರೀತಾಳೆ ಅಂತ ಕನ್ನಡ ಇನ್ನೂ ಪೂರ್ತಿ ಓದಿಲ್ಲ, ನೀನು ಬರಿ.

ಆಪ್ತಸಮಾಲೋಚಕಿ (ಚಿಕ್ಕಮಗಳೂರು)

ನಾನು ಲೇಖಕಿ ಅಲ್ಲ. ನನ್ನ ಕೆಲಸಕ್ಕೆ ಸಂಬಂಧಿಸಿದ ಒಂದೆರಡು ಮಾತು ಹೇಳಲೇಬೇಕು.

ಹಿನ್ನೀರು ಅವರೇ, ದೊಡ್ಡ ಕೆಲಸ ಮುಗಿದಾಗ ಹೀಗಾಗುವುದು ಸಹಜ. ಆದರೆ ಇದು ಸಹಜವಾದ ಬರಿದೋ ಖಿನ್ನತೆಯೋ ಎಂದು ನೀವೇ ಗಮನಿಸುತ್ತಿರಬೇಕು. ಎರಡು ವಾರ ಮೀರಿ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿಯೇ ಇದೆಯೇ? ನಿದ್ದೆ, ಊಟ ಕೆಟ್ಟಿದೆಯೇ? ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಈಗ ಕೊಡುತ್ತಿಲ್ಲವೇ? ಬದುಕುವುದೇ ಬೇಡ ಎನ್ನುವ ಯೋಚನೆ ಬರುತ್ತಿದೆಯೇ? ಇವುಗಳಿಗೆ ಹೌದು ಎಂದಾದರೆ ‘ಲೇಖಕರಿಗೆ ಇದೆಲ್ಲ ಇದ್ದದ್ದೇ’ ಎಂದು ಬಿಡಬೇಡಿ, ಡಾಕ್ಟರನ್ನು ನೋಡಿ. ಫೋನಿನಲ್ಲಿ ಮಾತಾಡುವುದಾದರೆ ಟೆಲಿ ಮಾನಸ್ 14416 ಇದೆ. ಸರ್ಕಾರದ್ದು, ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಸೃಜನಶೀಲರಿಗೆ ಹುಚ್ಚು ಇರಲೇಬೇಕು, ಮಾತ್ರೆ ತಗೊಂಡರೆ ಬರವಣಿಗೆ ನಿಂತುಹೋಗುತ್ತದೆ ಎಂದು ನಂಬಿ ಚಿಕಿತ್ಸೆ ಬಿಟ್ಟವರನ್ನು ನೋಡಿ ನನಗೆ ಸಂಕಟವಾಗಿದೆ. ಖಿನ್ನತೆ ಗಟ್ಟಿಯಾಗಿ ಹಿಡಿದವರಿಗೆ ಪೆನ್ನು ಎತ್ತಲೂ ಆಗುವುದಿಲ್ಲ. ಗುಣವಾದ ಮೇಲೆ ಬರೆದಾರು.

ಇನ್ನೊಂದು. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನಿಬೇಕರ್ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಂದ ಸತತ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ಬರೆಸಿದರು. ಕೆಲವರು ತಮ್ಮ ಬದುಕಿನ ದೊಡ್ಡ ಆಘಾತದ ಬಗ್ಗೆ, ಉಳಿದವರು ಸಾಮಾನ್ಯ ವಿಷಯಗಳ ಬಗ್ಗೆ. ಆಘಾತದ ಬಗ್ಗೆ ಮನಸ್ಸು ಬಿಚ್ಚಿ ಬರೆದವರ ಮನಸ್ಸು ಬರೆದ ಕೂಡಲೇ ಇನ್ನಷ್ಟು ಕುಗ್ಗಿತ್ತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಕಾಯಿಲೆ ಎಂದು ಕ್ಯಾಂಪಸ್ಸಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆಮೇಲೆ ಬಂದ ಅಧ್ಯಯನಗಳಲ್ಲಿ ಈ ಪರಿಣಾಮ ದೊಡ್ಡದಾಗಿ ಕಂಡಿಲ್ಲ, ಎಲ್ಲರಲ್ಲೂ ಕಂಡಿಲ್ಲ. ಆದರೂ ಬರೆದ ತಕ್ಷಣ ಭಾರವಾಯಿತು ಎಂದರೆ ಬರೆದದ್ದು ಕೆಟ್ಟದ್ದಾಯಿತು ಎಂದಲ್ಲ. ಅಷ್ಟನ್ನು ಧೈರ್ಯವಾಗಿ ಹೇಳಬಲ್ಲೆ.

ಕಡೂರಿನವರೇ, ನೀವು ಮಾಡುತ್ತಿರುವುದು ಬೇರೆ. ಹಳೆಯ ಗಾಯವನ್ನೇ ಮತ್ತೆ ಮತ್ತೆ ಮೆಲುಕು ಹಾಕುವುದರಿಂದ ಮನಸ್ಸು ಹಗುರಾಗುವುದಿಲ್ಲ. ಮೇಷ್ಟ್ರ ಮಾತು ಕೇಳಿ.

ಓದುಗ ಮಾತ್ರ (ಸಕಲೇಶಪುರ)

ಎಲ್ಲರೂ ಲೇಖಕರ ಮನಸ್ಸಿನ ಬಗ್ಗೆಯೇ ಮಾತಾಡ್ತಿದ್ದೀರಿ. ನಾನು ಬರೆಯೋನಲ್ಲ, ಓದೋನು. ನನಗೊಂದು ಪ್ರಶ್ನೆ ಇದೆ, ಬೇಜಾರು ಮಾಡ್ಕೋಬೇಡಿ.

ಊರು ಕಳ್ಕೊಂಡಿದ್ದು ನಿಮ್ಮಜ್ಜಿ. ಆ ಜನ. ಪರಿಹಾರ ಸಾಲದೆ ಕೂಲಿಗೆ ಹೋದವರು, ಹೊಸ ಜಾಗದಲ್ಲಿ ಗದ್ದೆ ಇಲ್ಲದೆ ಒದ್ದಾಡಿದವರು. ನಮ್ಮ ಮಾವನ ಮನೆಯವರೂ ಹಾಗೆ ಎದ್ದು ಬಂದವರೇ. ಅವರ್ಯಾರೂ ‘ಬರಿದಾಗಿದೆ’ ಅಂತ ಎಲ್ಲೂ ಬರೀಲಿಲ್ಲ. ಅವರ ನೋವನ್ನ ನೀವು ಪುಸ್ತಕ ಮಾಡ್ತೀರಿ, ಹೆಸರು ನಿಮಗೆ ಬರುತ್ತೆ. ಅವರನ್ನ ಒಂದು ಮಾತು ಕೇಳಿದ್ರಾ? ಕೇಳದೆ ಬರೆದಿದ್ರೆ ಈ ಭಾರ ಅಲ್ಲಿಂದಲೇ ಬಂದಿರಬಹುದು.

ಹಿನ್ನೀರು (ಆಲೂರು)

ಓದುಗ ಮಾತ್ರ ಅವರೇ, ಬೇಜಾರಿಲ್ಲ. ಈ ಪ್ರಶ್ನೆ ನನ್ನ ಜೊತೆ ಮೊದಲಿಂದಲೂ ಇದೆ. ಕೇಳಿದ್ದೀನಿ. ಹೇಗೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಅಜ್ಜಿ ಈಗಿಲ್ಲ. ಅವರ ತಂಗಿ ಇದ್ದಾರೆ, ಚಿಕ್ಕಜ್ಜಿ ಅಂತೀವಿ. ಊರು ಏಳುವಾಗ ಅವರು ಬಾಣಂತಿ. ಕರಡು ಒಂದು ಹದಕ್ಕೆ ಬಂದಾಗ ಅವರ ಮನೆಗೆ ಹೋಗಿ ಹೆಬ್ಬೆಟ್ಟಿನ ಅಧ್ಯಾಯ ಓದಿದೆ. ಅವರು ಅವರೆಕಾಯಿ ಸುಲೀತಾ ಕೇಳಿಸ್ಕೊಳ್ತಿದ್ರು. ಮೊರದಲ್ಲಿ ಕಾಳು ಬೀಳೋ ಸದ್ದು ಒಂದೇ ಸಮ ಬರ್ತಿತ್ತು. ನಾನು ಬರೆದ ಪ್ರಕಾರ ಜನ ಊರು ಬಿಡೋ ದಿನ ಎತ್ತಿನ ಗಾಡಿ ಮೇಲೆ ಕೂತು ಗೋಳೋ ಅಂತ ಅಳ್ತಾರೆ. ಅಲ್ಲಿಗೆ ಬಂದಾಗ ಸದ್ದು ನಿಂತಿತು. ‘ಯಾರೂ ಅಳ್ಲಿಲ್ಲ ಕಣೆ’ ಅಂದ್ರು. ‘ಅವತ್ತು ಅಳಕ್ಕೆ ಪುರುಸೊತ್ತೆಲ್ಲಿತ್ತು. ಹೆಂಚು ಇಳಿಸ್ಬೇಕಿತ್ತು. ತೊಲೆ ಕೀಳ್ಬೇಕಿತ್ತು. ನಿಮ್ಮಜ್ಜಿ ಬಾಗಿಲು ಚೌಕಟ್ಟು ಬಿಡಲ್ಲ ಅಂತ ಗಂಡಸರ ಜೊತೆ ಜಗಳ ಆಡ್ತಿದ್ಲು. ಅತ್ತಿದ್ದು ಆಮೇಲೆ. ಹೊಸ ಊರಲ್ಲಿ ಮೊದಲನೇ ಗೌರಿ ಹಬ್ಬಕ್ಕೆ ಬಾಗಿನ ಬಿಡಕ್ಕೆ ಹೊಳೆ ಇರ್ಲಿಲ್ವಲ್ಲ, ಅವತ್ತು.’

ನಾನು ಆ ಭಾಗ ಪೂರ್ತಿ ತೆಗೆದು ಹೊಸದಾಗಿ ಬರೆದೆ. ಈಗ ಅಲ್ಲಿ ಯಾರೂ ಅಳಲ್ಲ, ಹೆಂಚು ಎಣಿಸ್ತಾರೆ. ಗೌರಿ ಹಬ್ಬ ಒಂದು ಬೇರೆ ಅಧ್ಯಾಯವೇ ಆಯ್ತು.

ಚಿಕ್ಕಜ್ಜಿ ‘ಬರಿ, ಆದ್ರೆ ಅವಳ ಹೆಸರು ಹಾಕ್ಬೇಡ’ ಅಂದ್ರು, ಹಾಕಿಲ್ಲ. ಇನ್ನೊಬ್ಬರು ಸಂಬಂಧಿಕರು ಅವರ ಮನೆ ವಿಷಯ ಬೇಡವೇ ಬೇಡ ಅಂದ್ರು, ಅದು ಕಾದಂಬರಿಯಲ್ಲಿ ಇಲ್ಲ. ಕಾದಂಬರಿಗೆ ಅದು ಬೇಕಿತ್ತು, ಆದರೂ ಇಲ್ಲ.

ಹೆಸರು ನಂಗೆ ಬರುತ್ತೆ ಅನ್ನೋದು ನಿಜ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದರೆ ಈ ಭಾರ ಅಲ್ಲಿಂದ ಬಂದಿದ್ದಲ್ಲ ಅಂತ ನಂಗೆ ಗೊತ್ತು. ಚಿಕ್ಕಜ್ಜಿ ಮನೆಗೆ ಹೋಗೋಕೆ ಇಷ್ಟು ವರ್ಷ ನಂಗೊಂದು ಕಾರಣ ಇತ್ತು. ಕೇಳೋಕೆ ಪ್ರಶ್ನೆ ಇರ್ತಿತ್ತು. ಈಗ ಇಲ್ಲ. ನಿಮಗೆ ಉತ್ತರ ಬರೀತಾ ಬರೀತಾ ಇದು ಹೊಳೀತು.

ಸಮಾಲೋಚಕಿ ಅವರಿಗೆ: ನೀವು ಕೇಳಿದ್ದನ್ನೆಲ್ಲ ಕೂತು ಯೋಚಿಸಿದೆ. ನಿದ್ದೆ, ಊಟ ಸರಿಯಾಗಿದೆ. ಸಂಜೆ ಹೊತ್ತು ಮಾತ್ರ ಮಂಕು ಕವಿಯುತ್ತೆ, ಬರೀತಿದ್ದ ಹೊತ್ತು ಅದು. ನಂಬರ್ ಬರೆದಿಟ್ಟುಕೊಂಡಿದ್ದೀನಿ.

ಓದುಗ ಮಾತ್ರ (ಸಕಲೇಶಪುರ)

ಬಾಗಿನಕ್ಕೆ ಹೊಳೆ ಇರ್ಲಿಲ್ಲ ಅನ್ನೋದು ನಮ್ಮತ್ತೆಗೆ ಓದಿ ಹೇಳ್ದೆ. ಅವರು ಬಾವಿಗೆ ಬಿಟ್ರಂತೆ. ಪುಸ್ತಕ ಬಂದ್ರೆ ಹೇಳಿ, ನಮ್ಮನೆಗೆ ಎರಡು ಬೇಕು.

ತೋಟದ ಮನೆ (ಮೂಡಿಗೆರೆ)

ಅಕ್ಕ, ಪ್ರಶ್ನೆ ಮುಗಿದಿದ್ರೆ ಏನಾಯ್ತು? ಪ್ರಶ್ನೆ ಇಲ್ದೇನೂ ಹೋಗಿ. ಅವರೆಕಾಯಿ ಸುಲೀರಿ.

ಇನ್ನೊಂದು ಮಾತು. ಹನ್ನೊಂದರ ಟೇಬಲ್ ಅವರು ಕಾಯೋ ಸೌಕರ್ಯ ಯಾರಿಗಿದೆ ಅಂದ್ರಲ್ಲ, ನಾನು ಅದನ್ನ ಯೋಚನೆ ಮಾಡಿರ್ಲಿಲ್ಲ. ಆಳುಕಾಳು, ಲೆಕ್ಕ, ಆನೆ ಕಾಟ ಎಲ್ಲ ಇದ್ರೂ ನಮ್ಮನೇಲಿ ನಾನು ಬರೆಯೋಕೆ ಕೂತ್ರೆ ಯಾರೂ ಎಬ್ಬಿಸಲ್ಲ. ಹೆಂಡತಿ ಓದೋಕೆ ಕೂತ್ರೆ ಎಲ್ಲರೂ ಎಬ್ಬಿಸ್ತಾರೆ. ನಿನ್ನೆಯಿಂದ ಅದೇ ತಲೇಲಿ ಕೂತಿದೆ.

ವೇದಾವತಿ ದಡದವಳು (ಕಡೂರು)

ಹಳೇ ಮೆಸೇಜೆಲ್ಲ ಡಿಲೀಟ್ ಮಾಡಿದೆ. ಎಲ್ಲರಿಗೂ ಥ್ಯಾಂಕ್ಸ್.

ಮೊನ್ನೆ ದೇವನೂರಿಗೆ ಹೋಗಿದ್ದೆ. ನಮ್ಮ ತಾಲ್ಲೂಕಲ್ಲೇ ಇದ್ರೂ ಸರಿಯಾಗಿ ನೋಡಿರ್ಲಿಲ್ಲ. ಜೈಮಿನಿ ಭಾರತ ಬರೆದ ಲಕ್ಷ್ಮೀಶನ ಊರು ಅಂತ ಮಾತ್ರ ಗೊತ್ತಿತ್ತು. ಲಕ್ಷ್ಮೀರಮಣನ ಗುಡಿ ಜಗಲಿಯಲ್ಲಿ ಕೂತು ಫೋನಲ್ಲಿ ಚಂದ್ರಹಾಸನ ಕತೆ ಓದಿದೆ, ಜೋರಾಗಿ. ಅರ್ಧ ಅರ್ಥ ಆಗಲಿಲ್ಲ. ಆದ್ರೆ ಆ ಷಟ್ಪದಿಯ ಓಟ ನಾಲಿಗೆಗೆ ಎಷ್ಟು ಖುಷಿ ಕೊಡುತ್ತೆ ಗೊತ್ತಾ! ಲಕ್ಷ್ಮೀಶನ ಸ್ವಂತ ಬದುಕಿನ ಕಷ್ಟ ಅದರಲ್ಲಿ ಎಲ್ಲಿದೆ? ನಂಗೇನೂ ಕಾಣಲಿಲ್ಲ. ಕಂಡಿದ್ದು ನುಡಿ ಮೇಲೆ ಅವನಿಗಿರೋ ಆಸೆ. ಇಷ್ಟು ದಿನ ನನ್ನ ಪದ್ಯಕ್ಕೆ ವಿಷಯ ಇಲ್ಲ ಅಂತ ಅಳ್ತಿದ್ದೆ, ನಾದದ ಕಡೆ ನೋಡೇ ಇರ್ಲಿಲ್ಲ. ಮನೆಗೆ ಬಂದು ನಮ್ಮ ಓಣಿಯಲ್ಲಿ ಕೊತ್ತಂಬರಿ ಮಾರೋ ಅಜ್ಜನ ಕೂಗಿನ ಮೇಲೆ ಒಂದು ಪದ್ಯ ಬರೆದೆ. ದುಃಖ ಇಲ್ಲದ್ದು. ಮೇಷ್ಟ್ರೇ, ಕಳಿಸ್ಲಾ?

ನಿವೃತ್ತ ಕನ್ನಡ ಮೇಷ್ಟ್ರು (ಹಾಸನ)

ಕಳಿಸಮ್ಮ, ಧಾರಾಳವಾಗಿ. ಜೋರಾಗಿ ಓದಿದೆಯಲ್ಲ, ಜೈಮಿನಿಯನ್ನು ಓದುವ ಕ್ರಮವೇ ಅದು. ಹಳ್ಳಿಗಳಲ್ಲಿ ಗಮಕಿಗಳು ಓದುತ್ತಿದ್ದರು, ಅಕ್ಷರ ಬಾರದವರಿಗೂ ಆ ಪದ್ಯಗಳು ಬಾಯಿಗೆ ಬರುತ್ತಿದ್ದವು.

ರಾತ್ರಿ ಹನ್ನೊಂದರ ಟೇಬಲ್ ಅವರ ಮಾತನ್ನು ನಾನು ಎರಡು ದಿನ ಯೋಚಿಸಿದೆ. ಕಾಯುವ ಸೌಕರ್ಯದ ಮಾತು ಸರಿ. ಕುವೆಂಪು ಅವರ ಉದಾಹರಣೆಯನ್ನು ನಾನು ಎಲ್ಲರಿಗೂ ಹೊಂದಿಸಲಾರೆ. ಆದರೂ ಹಿನ್ನೀರು ಅವರಿಗೆ ನನ್ನ ಸಲಹೆ ಬದಲಾಗಿಲ್ಲ. ಕಾದಂಬರಿ ಮೊದಲು ನಾಲ್ಕು ಜನರ ಕೈಗೆ ಹೋಗಲಿ, ಅಚ್ಚಾಗಲಿ. ಅಲ್ಲಿಯವರೆಗೆ ಇನ್ನೊಂದಕ್ಕೆ ಕೈ ಹಾಕಬೇಡಿ. ಎರಡು ಪುಸ್ತಕಗಳ ದನಿ ಒಂದರೊಳಗೊಂದು ಬೆರೆತುಹೋಗುತ್ತದೆ. ಹಾಗೆ ಕೆಟ್ಟ ಒಳ್ಳೆಯ ಹಸ್ತಪ್ರತಿಗಳನ್ನು ನಾನು ಓದಿದ್ದೇನೆ.

ವಯಸ್ಸಿನ ಚಿಂತೆಯೂ ಬೇಡ. ನೀವು ಬರೆದಿರುವ ಆ ಹೊಳೆಯ ದಡದಲ್ಲೇ ಹುಟ್ಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರರು ‘ಅಮೆರಿಕಾದಲ್ಲಿ ಗೊರೂರು’ ಬರೆಯುವಾಗ ಎಪ್ಪತ್ತು ದಾಟಿದ್ದರು. 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೊಸ ದೇಶವನ್ನು ಆ ವಯಸ್ಸಿನಲ್ಲಿ ಅಷ್ಟು ಬೆರಗಿನಿಂದ ನೋಡಿದ್ದಾರೆ.

ರಾತ್ರಿ ಹನ್ನೊಂದರ ಟೇಬಲ್ (ಹಾಸನ)

ಮೇಷ್ಟ್ರೇ, ಅಚ್ಚಾಗೋವರೆಗೆ ಅಂದ್ರೆ ಎಷ್ಟು ದಿನ? ಹೊಸಬರ ಕಾದಂಬರಿ ಪ್ರಕಾಶಕರ ಮನೆಯಲ್ಲಿ ಎಷ್ಟು ಕಾಲ ಕೂರುತ್ತೆ ಅಂತ ನಿಮಗೂ ಗೊತ್ತು. ಅಲ್ಲೀವರೆಗೂ ಆ ಸಂಜೆಗಳನ್ನ ಅವರು ಏನು ಮಾಡ್ಬೇಕು? ಒಂದು ಸಲ ಮನೆಯವರು ಆ ಹೊತ್ತನ್ನ ಬೇರೆ ಕೆಲಸಕ್ಕೆ ಹಿಡ್ಕೊಂಡ್ರೆ ಮತ್ತೆ ವಾಪಸ್ ಸಿಗಲ್ಲ. ಕಾದಂಬರಿ ಬೇಡ ಅಂದ್ರೆ ಕಾಗದ ಬರೀಲಿ, ಅಡುಗೆ ಬಗ್ಗೆ ಬರೀಲಿ, ಏನಾದ್ರೂ ಸರಿ. ಆ ಹೊತ್ತು ಮಾತ್ರ ಕೈ ಬಿಡಬಾರದು.

ಹಿನ್ನೀರು, ನಾಳೆ ಸಂಜೆನೇ ಕೂತ್ಕೊಳ್ಳಿ.

ಹಿನ್ನೀರು (ಆಲೂರು)

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ಅರ್ಧ ಕೇಳ್ತೀನಿ. ಹೊಸ ಕಾದಂಬರಿ ಶುರು ಮಾಡಲ್ಲ. ಆದರೆ ಸಂಜೆ ಹೊತ್ತು ಬಿಟ್ಟುಕೊಡಲ್ಲ, ಅದು ಅಕ್ಕ ಹೇಳಿದ ಹಾಗೇ ಆಗಲಿ.

ನಿನ್ನೆ ಚಿಕ್ಕಜ್ಜಿ ಮನೆಗೆ ಹೋಗಿದ್ದೆ, ನೋಟ್‌ಬುಕ್ ಒಯ್ಯದೆ. ಊರಿನ ಮಾತೇ ಬರಲಿಲ್ಲ. ಅವರು ಟೀವಿ ಸೀರಿಯಲ್ ಕತೆ ಹೇಳಿದ್ರು, ಮೊಮ್ಮಗನ ಮದುವೆ ಮಾತು ಆಯ್ತು. ಹೊರಡೋವಾಗ ಅವರೇ ಕೇಳಿದ್ರು, ‘ಆ ಪುಸ್ತಕದಲ್ಲಿ ನನ್ನ ಮಗು ವಿಷ್ಯ ಬರ್ದಿದೀಯಾ?’ ಬಾಣಂತನದ ಆ ಮಗು ಹೊಸ ಊರಿಗೆ ಬಂದ ವರ್ಷವೇ ತೀರಿಕೊಂಡಿತ್ತು. ಬರೆದಿಲ್ಲ ಅಂದೆ, ಕೇಳೋಕೆ ಧೈರ್ಯ ಬರಲಿಲ್ಲ ಅಂದೆ. ‘ಇನ್ನೊಂದಿನ ಬಾ, ಹೇಳ್ತೀನಿ’ ಅಂದ್ರು.

ಅದು ಕಾದಂಬರಿಗೆ ಸೇರುತ್ತೋ ಇಲ್ಲವೋ ಗೊತ್ತಿಲ್ಲ. ಸೇರದಿದ್ದರೂ ಕೇಳಿಸ್ಕೊಂಡು ಬರ್ತೀನಿ.

ಓದುಗ ಮಾತ್ರ ಅವರೇ, ಪ್ರಕಾಶಕರಿಗೆ ಕಳಿಸೋ ಮುಂಚೆ ನಿಮ್ಮತ್ತೆಯವರಿಗೆ ಗೌರಿ ಹಬ್ಬದ ಅಧ್ಯಾಯ ಓದಿ ಹೇಳಬೇಕು ಅಂತ ಆಸೆ. ಸಕಲೇಶಪುರಕ್ಕೆ ಯಾವಾಗ ಬರಲಿ? ಮೇಷ್ಟ್ರೇ, ನಿಮಗೆ ಪೂರ್ತಿ ಪ್ರತಿ ಕಳಿಸ್ತೀನಿ, ಕೆಂಪು ಪೆನ್ನು ಧಾರಾಳವಾಗಿ ಬಳಸಿ. ಮೂಡಿಗೆರೆ ಅಣ್ಣ, ನಿಮ್ಮ ಹೆಂಡತಿಯವರಿಗೆ ಓದೋಕೆ ಇಷ್ಟ ಅಂದ್ರಲ್ಲ,  ಅವರಿಗೂ ಒಂದು ಪ್ರತಿ ಕಳಿಸ್ತೀನಿ. ಅವರು ಕೂತಾಗ ಯಾರೂ ಎಬ್ಬಿಸದ ಹಾಗೆ ನೀವು ನೋಡ್ಕೊಳ್ಳಿ.